ಅಡಿಗೆಯ ಗ್ಯಾಸು, ಮನೆಯ ವಿದ್ಯುತ್ತು: ದರಗಳನ್ನು ತೂಗಿ ನೋಡುವ ಕ್ರಮ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಗ್ರಾಮಗಳಲ್ಲಿ ಈಚೆಗೆ ಊರ ಮುಖಂಡರೂ ಹಿಡುವಳಿದಾರರೂ ಬೆಳೆಯ ವಿಚಾರ ಮುಗಿದ ಮೇಲೆ ತಪ್ಪದೆ ಎತ್ತುವ ಪ್ರಶ್ನೆಗಳು ಎರಡುಂಟು. ಕರೆಂಟು ಬಿಟ್ಟಿಯಾಗಿ ಬರುತ್ತಿರುವಾಗ ಗ್ಯಾಸಿಗೆ ದುಡ್ಡು ಸುರಿಯುವುದೇಕೆ, ಸಿಲಿಂಡರನ್ನು ಹಿಂದಕ್ಕೆ ಕೊಟ್ಟು ವಿದ್ಯುತ್ತಿನ ಒಲೆಯನ್ನೇ ಇಟ್ಟುಕೊಳ್ಳಬಾರದೇಕೆ ಎಂಬುದು ಮೊದಲನೆಯದು. ಈ ಕಂಪನಿಯನ್ನು ಬಿಟ್ಟು ಅಗ್ಗವಾಗಿ ಕೊಡುವ ಬೇರೆ ಕಂಪನಿಗೆ ಸೇರಬಹುದೇ ಎಂಬುದು ಎರಡನೆಯದು. ಒಲೆಯ ವಿಷಯಕ್ಕೂ ಬೇಸಾಯದ ಇಲಾಖೆಗೂ ಸಂಬಂಧವೇನೆಂದು ಕೆಲವರು ಕೇಳಬಹುದು. ಕೊಟ್ಟಿಗೆಯ ಸಗಣಿ, ತೋಟದ ಗರಿ, ಗದ್ದೆಯ ತರಗು ಇವೆಲ್ಲವೂ ಹೊಲಕ್ಕೆ ಹೋಗಬೇಕೋ ಒಲೆಗೆ ಹೋಗಬೇಕೋ ಎಂಬುದು ಅಡಿಗೆಮನೆಯ ಲೆಕ್ಕದಿಂದಲೇ ತೀರ್ಮಾನವಾಗತಕ್ಕದ್ದಾದುದರಿಂದ, ಈ ವಿಷಯವು ನಮ್ಮ ಇಲಾಖೆಗೆ ಹೊರತಾದುದಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವು ಚಿಕ್ಕದಾದ ಕಾರಣ ಅದನ್ನೇ ಮೊದಲು ಹೇಳುತ್ತೇನೆ.

ವಿದ್ಯುಚ್ಛಕ್ತಿಯು ನಮ್ಮ ಜಿಲ್ಲೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ೧೯೦೫ ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ೧೯೧೧ ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಿದಾಗ, ಬೇಸಗೆಯಲ್ಲಿಯೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪಬಾರದೆಂಬುದು ಉದ್ದೇಶಗಳಲ್ಲೊಂದಾಗಿತ್ತು. ಈಗ ಮನೆಗಳಿಗೆ ವಿದ್ಯುತ್ತನ್ನು ಹಂಚುವ ಅಧಿಕಾರವುಳ್ಳದ್ದು, ೨೦೦೫ ರಲ್ಲಿ ಪ್ರತ್ಯೇಕವಾಗಿ ಏರ್ಪಟ್ಟ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಈ ಐದು ಜಿಲ್ಲೆಗಳಿಗೂ ಅದೊಂದೇ. ೨೦೦೩ ರ ವಿದ್ಯುಚ್ಛಕ್ತಿ ಶಾಸನವು ಬೇರೆಯವರಿಂದ ವಿದ್ಯುತ್ತನ್ನು ಕೊಳ್ಳುವ ಸ್ವಾತಂತ್ರ್ಯವನ್ನು ಒಂದು ಮೆಗಾವಾಟಿಗಿಂತ ಹೆಚ್ಚಾಗಿ ಬಳಸುವ ಕಾರ್ಖಾನೆಗಳಂಥವುಗಳಿಗೆ ಮಾತ್ರ ಕೊಟ್ಟಿತು. ೨೦೨೨ ರ ನಿಯಮಗಳು ಸೂರ್ಯ, ಗಾಳಿ ಮೊದಲಾದವುಗಳಿಂದ ಬಂದ ವಿದ್ಯುತ್ತಿನ ಮಟ್ಟಿಗೆ ಆ ಮಿತಿಯನ್ನು ೧೦೦ ಕಿಲೋವಾಟಿಗೆ ಇಳಿಸಿದುವು. ಎರಡು ಮೂರು ಕಿಲೋವಾಟಿನ ಸಂಸಾರಿಗೆ ಇವುಗಳಿಂದ ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿ ೧೯೯೯ ರ ಹೊತ್ತಿಗೆ ಪ್ರತಿಯೊಂದು ಮನೆಯವರೂ ದರಗಳನ್ನು ಹೋಲಿಸಿ ಕಂಪನಿಯನ್ನು ಬದಲಾಯಿಸಬಹುದಾಗಿತ್ತು. ನಮ್ಮ ದೇಶದಲ್ಲಿಯೂ ಮುಂಬಯಿಯ ಕೆಲವು ಭಾಗಗಳಲ್ಲಿ ಒಂದು ಕಂಪನಿಯ ತಂತಿಯ ಮೂಲಕ ಇನ್ನೊಂದು ಕಂಪನಿಯ ವಿದ್ಯುತ್ತನ್ನು ಪಡೆಯುವ ಪದ್ಧತಿಯುಂಟು. ನಮ್ಮಲ್ಲಿ ಅದು ಬಂದಿಲ್ಲ. ಬಂದರೂ ಹೋಲಿಸುವುದಕ್ಕೆ ಹೆಚ್ಚೇನೂ ಇರದು. ಏಕೆಂದರೆ ಮನೆಯ ದರವನ್ನು ಗೊತ್ತುಮಾಡತಕ್ಕದ್ದು ಕಂಪನಿಯಲ್ಲ, ಬೆಂಗಳೂರಿನಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು.

ಗ್ಯಾಸಿನ ವಿಷಯವು ಸ್ವಲ್ಪ ಬೇರೆ. ಇಂಡೇನ್, ಭಾರತ್ ಗ್ಯಾಸ್, ಎಚ್.ಪಿ. ಗ್ಯಾಸ್ ಎಂಬ ಮೂರು ಸರ್ಕಾರೀ ಕಂಪನಿಗಳ ಸಿಲಿಂಡರುಗಳೂ ಒಂದು ಊರಿನಲ್ಲಿ ಒಂದೇ ಬೆಲೆಗೆ ಸಿಕ್ಕುತ್ತವೆ. ಒಬ್ಬ ವಿತರಕರಿಂದ ಇನ್ನೊಬ್ಬರಿಗೆ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಅನುಕೂಲವು ೨೦೧೩-೧೪ ರಿಂದ ಉಂಟು. ಬೆಲೆ ಒಂದೇ ಆದುದರಿಂದ ಬದಲಾವಣೆಯಿಂದ ದುಡ್ಡು ಉಳಿಯುವುದಿಲ್ಲ. ದೂರ ಮತ್ತು ಕಾಲ ಮಾತ್ರ ಉಳಿಯುತ್ತವೆ. ಆದರೆ ಇದು ಅಲ್ಪವೆಂದು ತಿಳಿಯಬಾರದು. ಮನೆಯ ಬಾಗಿಲಿಗೆ ತಂದುಕೊಡುವ ವೆಚ್ಚವು ಬೆಲೆಯಲ್ಲಿಯೇ ಸೇರಿದೆ. ಹೀಗಿದ್ದೂ ನಾಗಮಂಗಲದ ಕಡೆಯ ಒಳನಾಡಿನ ಹಳ್ಳಿಗಳಲ್ಲಿ, ಯಜಮಾನನು ಒಂದು ಹೊತ್ತಿನ ಕೆಲಸವನ್ನು ಕೆಡಿಸಿಕೊಂಡು ಸಿಲಿಂಡರನ್ನು ಮೋಟಾರು ಬೈಕಿನ ಮೇಲೆ ಕಟ್ಟಿ ತರುವುದನ್ನು ನೋಡುತ್ತೇವೆ. ತಾನಾಗಿ ಗೋದಾಮಿನಿಂದ ಒಯ್ಯುವವನಿಗೆ ಬೆಲೆಯಲ್ಲಿ ಸೋಡಿ ಸಲ್ಲಬೇಕು, ಕೇಳಿ ಪಡೆಯತಕ್ಕದ್ದು. ಸಿಲಿಂಡರಿನ ಕೊರಳಿನ ಪಟ್ಟಿಯ ಮೇಲೆ ಬರಿಯ ಸಿಲಿಂಡರಿನ ತೂಕವನ್ನು ಕೆತ್ತಿರುತ್ತಾರೆ; ಅದಕ್ಕೆ ೧೪.೨ ಕಿಲೋ ಕೂಡಿಸಿದರೆ ತಕ್ಕಡಿಯಲ್ಲಿ ಬರಬೇಕಾದ ತೂಕವಾಗುತ್ತದೆ. ಆಲೆಮನೆಯಲ್ಲಿ ಬೆಲ್ಲವನ್ನು ತೂಗಿಸದೆ ಕೊಡದ ನಮ್ಮ ರೈತರು ಗ್ಯಾಸನ್ನು ತೂಗಿಸದೆ ಕೊಳ್ಳುವುದು ಆಶ್ಚರ್ಯ. ಕಂಪನಿಯನ್ನೇ ಬದಲಾಯಿಸುವವರು ಹಳೆಯ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಒಪ್ಪಿಸಬೇಕಾಗುತ್ತದೆ; ಠೇವಣಿಯ ಮೂಲಚೀಟಿಯನ್ನು ಜೋಪಾನವಾಗಿಟ್ಟುಕೊಂಡಿರಬೇಕು.

ಇನ್ನು ಮೊದಲನೆಯ ಪ್ರಶ್ನೆ. ಕಂಪನಿಯನ್ನು ಬದಲಾಯಿಸಲಾಗದಿದ್ದರೂ ಉರುವಲನ್ನು ಬದಲಾಯಿಸುವುದು ನಮ್ಮ ಕೈಯಲ್ಲಿದೆ. ಹಣದ ಲಾಭನಷ್ಟವಿರುವುದೂ ಇಲ್ಲಿಯೇ. ಗ್ಯಾಸನ್ನು ಕಿಲೋವಿನಲ್ಲಿ ಅಳೆಯುತ್ತಾರೆ, ವಿದ್ಯುತ್ತನ್ನು ಯೂನಿಟಿನಲ್ಲಿ. ಸೇರಿನಿಂದ ಅಳೆದ ರಾಗಿಯನ್ನೂ ಮಾರಿನಿಂದ ಅಳೆದ ಹಗ್ಗವನ್ನೂ ಹೋಲಿಸಲಾಗದು. ಆದಕಾರಣ ಎರಡನ್ನೂ ಪಾತ್ರೆಯೊಳಕ್ಕೆ ಹೋಗುವ ಶಾಖದಿಂದ ಅಳೆಯಬೇಕು.

ಒಂದು ಸಿಲಿಂಡರಿನಲ್ಲಿರುವ ೧೪.೨ ಕಿಲೋ ಗ್ಯಾಸಿನಲ್ಲಿ ಸುಮಾರು ೧೮೦ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿರುತ್ತದೆ. ಗ್ಯಾಸಿನ ಒಲೆಯಲ್ಲಿ ಈ ಶಾಖದ ನೂರರಲ್ಲಿ ಅರವತ್ತು ಪಾಲು ಪಾತ್ರೆಗೆ ಸೇರುತ್ತದೆ, ಉಳಿದುದು ಗಾಳಿಗೆ ಹೋಗುತ್ತದೆ ಎಂದು ಇಟ್ಟುಕೊಂಡರೆ, ಅಡಿಗೆಗೆ ದಕ್ಕುವುದು ೧೦೮ ಯೂನಿಟ್. ಇಂಡಕ್ಷನ್ ಒಲೆಯು ನೂರರಲ್ಲಿ ಎಂಬತ್ತು ಪಾಲನ್ನು ಪಾತ್ರೆಗೆ ಸೇರಿಸುತ್ತದೆ. ಅಂದಮೇಲೆ ಅದೇ ಅಡಿಗೆಗೆ ೧೩೫ ಯೂನಿಟ್ ವಿದ್ಯುತ್ತು ಬೇಕು. ಒಲೆ, ಪಾತ್ರೆ, ಅಡಿಗೆಯವರ ಕೈ ಇವುಗಳಿಂದ ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು. ಆದರೂ ಒಂದು ಸಿಲಿಂಡರು ೧೩೫ ಯೂನಿಟಿಗೆ ಸಮವೆಂಬ ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮಿಕ್ಕ ಲೆಕ್ಕವನ್ನೆಲ್ಲ ಜಗಲಿಯ ಮೇಲೆ ಕುಳಿತು ಮಾಡಬಹುದು. ಮನೆಗೆ ಬಂದು ಬೀಳುವ ಸಿಲಿಂಡರಿನ ಬೆಲೆಯನ್ನು ೧೩೫ ರಿಂದ ಭಾಗಿಸಬೇಕು. ಬಂದ ಮೊತ್ತಕ್ಕಿಂತ ವಿದ್ಯುತ್ತಿನ ಒಂದು ಯೂನಿಟಿನ ನಿಜವಾದ ಬೆಲೆ ಕಡಿಮೆಯಾಗಿದ್ದರೆ ವಿದ್ಯುತ್ತು ಅಗ್ಗ, ಹೆಚ್ಚಾಗಿದ್ದರೆ ಗ್ಯಾಸು ಅಗ್ಗ. ಲೆಕ್ಕಕ್ಕಾಗಿ ಸಿಲಿಂಡರಿನ ಬೆಲೆ ೯೦೦ ರೂಪಾಯಿ ಎಂದಿಟ್ಟುಕೊಂಡರೆ ೬ ರೂಪಾಯಿ ೬೭ ಪೈಸೆ ಬರುತ್ತದೆ. ಉಜ್ವಲಾ ಯೋಜನೆಯ ಫಲಾನುಭವಿಗಳಿಗೆ ೨೦೨೩ ರ ಅಕ್ಟೋಬರಿನಲ್ಲಿ ಸಿಲಿಂಡರೊಂದಕ್ಕೆ ೩೦೦ ರೂಪಾಯಿಗಳ ಸಹಾಯಧನವು ಗೊತ್ತಾಯಿತು. ೨೦೨೫-೨೬ನೆಯ ಸಾಲಿಗೆ ಅದನ್ನು ೯ ಸಿಲಿಂಡರುಗಳಿಗೆ ಮಿತಿಗೊಳಿಸಿದರು. ಅಂಥ ಮನೆಗೆ ಬೆಲೆ ೬೦೦ ಆಗಿ, ಭಾಗಿಸಿದಾಗ ೪ ರೂಪಾಯಿ ೪೪ ಪೈಸೆ ಮಾತ್ರ ಬರುತ್ತದೆ.

ವಿದ್ಯುತ್ತಿನ ಯೂನಿಟಿನ ನಿಜವಾದ ಬೆಲೆ ಎಂದೆನಲ್ಲವೆ, ಅದನ್ನು ಬಿಲ್ಲಿನ ಒಂದು ಸಾಲನ್ನು ಮಾತ್ರ ಓದಿ ತಿಳಿಯಲಾಗದು. ೨೦೨೫-೨೬ನೆಯ ಸಾಲಿಗೆ ಆಯೋಗವು ಮನೆಗಳಿಗೆ ಗೊತ್ತುಮಾಡಿದ ದರ ಯೂನಿಟಿಗೆ ೫ ರೂಪಾಯಿ ೮೦ ಪೈಸೆ. ಇದರ ಮೇಲೆ ನೌಕರರ ಪಿಂಚಣಿ ಮತ್ತು ಉಪದಾನದ ಬಾಬ್ತು ೩೬ ಪೈಸೆ. ವಿದ್ಯುತ್ ತೆರಿಗೆ ನೂರಕ್ಕೆ ಒಂಬತ್ತರಂತೆ ೫೨ ಪೈಸೆ. ಮೊತ್ತ ೬ ರೂಪಾಯಿ ೬೮ ಪೈಸೆ. ಇದಲ್ಲದೆ ಇಂಧನ ಮತ್ತು ವಿದ್ಯುತ್ ಖರೀದಿಯ ಹೊಂದಾಣಿಕೆಯೆಂದು ತಿಂಗಳು ತಿಂಗಳಿಗೆ ಬದಲಾಗುವ ಒಂದು ಬಾಬ್ತುಂಟು; ಅದು ಕೆಲವು ತಿಂಗಳು ಕೂಡುತ್ತದೆ, ಕೆಲವು ತಿಂಗಳು ಕಳೆಯುತ್ತದೆ. ಮಂಜೂರಾದ ಪ್ರತಿ ಕಿಲೋವಾಟಿಗೂ ತಿಂಗಳಿಗೆ ೧೪೫ ರೂಪಾಯಿಗಳ ನಿಗದಿ ಶುಲ್ಕವು ಬೇರೆ. ಈ ದರಗಳು ಸಾಲಿನಿಂದ ಸಾಲಿಗೆ ಬೇರೆಯಾಗುವುದರಿಂದ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವ ಬಿಲ್ಲಿನ ಅಂಕಿಗಳನ್ನೇ ಹಿಡಿಯತಕ್ಕದ್ದು. ದರ ಮಾತ್ರವಲ್ಲ, ದರದ ರೀತಿಯೇ ಬದಲಾಗುವುದುಂಟು. ೨೦೨೩ ರಲ್ಲಿ ನೂರು ಯೂನಿಟಿನವರೆಗೆ ಒಂದು ದರವಿದ್ದು, ನೂರನ್ನು ದಾಟಿದವರಿಗೆ ಎಲ್ಲಾ ಯೂನಿಟುಗಳಿಗೂ ೭ ರೂಪಾಯಿ ಇತ್ತು. ೨೦೨೪ ರ ಏಪ್ರಿಲಿನಿಂದ ಎಲ್ಲರಿಗೂ ೫ ರೂಪಾಯಿ ೯೦ ಪೈಸೆಯ ಒಂದೇ ದರವಾಯಿತು. ಅಂದು ಮಾಡಿದ ಲೆಕ್ಕವನ್ನು ಇಂದು ಹೇಳುವವರ ಮಾತನ್ನು ನಂಬಬಾರದು.

೬ ರೂಪಾಯಿ ೬೭ ಪೈಸೆ ಮತ್ತು ೬ ರೂಪಾಯಿ ೬೮ ಪೈಸೆ! ಹಣ ಕೊಟ್ಟು ಕೊಳ್ಳುವ ವಿದ್ಯುತ್ತಿಗೂ ಸಹಾಯಧನವಿಲ್ಲದ ಗ್ಯಾಸಿಗೂ ಹೆಚ್ಚು ಕಡಿಮೆ ಭೇದವೇ ಇಲ್ಲ. ಉಜ್ವಲಾ ಮನೆಯವರಿಗಂತೂ ಗ್ಯಾಸೇ ಅಗ್ಗವೆಂಬುದು ಸ್ಪಷ್ಟ. ಹಾಗಾದರೆ ಲಾಭವೆಲ್ಲಿ, ನಷ್ಟವೆಲ್ಲಿ? ಅದು ಗೃಹಜ್ಯೋತಿಯ ನಿಯಮದಲ್ಲಿ ಅಡಗಿದೆ.

೨೦೨೩ ರ ಜುಲೈ ತಿಂಗಳಿನ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯನ್ನು "೨೦೦ ಯೂನಿಟ್ ಉಚಿತ" ಎಂದು ಜನರು ಕರೆಯುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪ್ರತಿಯೊಂದು ಮನೆಗೂ ೨೦೨೨-೨೩ನೆಯ ಸಾಲಿನ ತಿಂಗಳ ಸರಾಸರಿ ಬಳಕೆಯನ್ನು ತೆಗೆದು, ಅದರ ಮೇಲೆ ನೂರಕ್ಕೆ ಹತ್ತರಂತೆ ಕೂಡಿಸಿ, ಆ ಮನೆಯ ಅರ್ಹ ಯೂನಿಟನ್ನು ಗೊತ್ತುಮಾಡಿದರು. ಕಡಿಮೆ ಬಳಸುವವರಿಗೆ ನೂರಕ್ಕೆ ಹತ್ತರ ಬದಲು ೧೦ ಯೂನಿಟ್ ಕೊಡುವಂತೆ ೨೦೨೪ ರಲ್ಲಿ ತಿದ್ದುಪಡಿಯಾಯಿತು. ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ ೫೩ ಯೂನಿಟನ್ನು ಆಧಾರವಾಗಿ ಹಿಡಿದರು. ಅರ್ಹ ಯೂನಿಟಿನೊಳಗೆ ಬಳಸಿದವರಿಗೆ ಬಿಲ್ಲು ಸೊನ್ನೆ. ಅದನ್ನು ದಾಟಿ, ೨೦೦ ರೊಳಗೆ ಇದ್ದವರು ದಾಟಿದಷ್ಟಕ್ಕೆ ಹಣ ತೆರಬೇಕು. ೨೦೦ ನ್ನು ದಾಟಿದವರು ಆ ತಿಂಗಳಿನ ಪೂರ್ತಿ ಬಿಲ್ಲನ್ನು ಮೊದಲನೆಯ ಯೂನಿಟಿನಿಂದ ತೆರಬೇಕು. ಕೆರೆಯ ಕೋಡಿಯಂತೆ ಮೇಲಿನ ನೀರು ಮಾತ್ರ ಹರಿದುಹೋಗುವುದಲ್ಲ ಇದು. ಏರಿ ಒಡೆದಂತೆ ಇದ್ದುದೆಲ್ಲವೂ ಹೋಗುತ್ತದೆ.

ಮೂರು ಮನೆಗಳನ್ನು ಊಹಿಸೋಣ. ಮೂವರಿಗೂ ತಿಂಗಳಿಗೆ ಒಂದು ಸಿಲಿಂಡರು, ಎರಡು ಕಿಲೋವಾಟಿನ ಮಂಜೂರಾತಿ.

ಪಾಂಡವಪುರದ ಕಡೆಯ ಒಂದು ಮನೆಗೆ ಅರ್ಹ ಯೂನಿಟ್ ೭೭, ಬಳಕೆಯೂ ಅಷ್ಟೆ. ಯಜಮಾನರು ಗ್ಯಾಸನ್ನು ಪೂರ್ತಿ ಬಿಟ್ಟು ಇಂಡಕ್ಷನ್ ಒಲೆಗೆ ಬಂದರು. ೭೭ ಕ್ಕೆ ೧೩೫ ಕೂಡಿ ೨೧೨ ಆಯಿತು. ಉಚಿತವೆಲ್ಲವೂ ಹೋಯಿತು. ೨೧೨ ಯೂನಿಟಿಗೆ ೧,೪೧೬ ರೂಪಾಯಿ, ನಿಗದಿ ಶುಲ್ಕ ೨೯೦, ಒಟ್ಟು ೧,೭೦೬ ರೂಪಾಯಿ. ಉಳಿದದ್ದು ಸಿಲಿಂಡರಿನ ೯೦೦. ತಿಂಗಳಿಗೆ ೮೦೬ ರೂಪಾಯಿ ಕೈಬಿಟ್ಟಿತು. ಎರಡನೆಯ ಮನೆಗೂ ಅದೇ ೭೭. ಆದರೆ ಅವರು ಅರ್ಧ ಅಡಿಗೆಯನ್ನು ಮಾತ್ರ ವಿದ್ಯುತ್ತಿಗೆ ತಂದರು. ೬೭ ಯೂನಿಟ್ ಹೆಚ್ಚಾಗಿ ೧೪೪ ಆಯಿತು. ಹೆಚ್ಚಿನದಕ್ಕೆ ತೆತ್ತದ್ದು ಸುಮಾರು ೪೪೮, ಗ್ಯಾಸಿನಲ್ಲಿ ಉಳಿದದ್ದು ೪೫೦. ಶ್ರಮಪಟ್ಟದ್ದಕ್ಕೆ ಎರಡು ರೂಪಾಯಿ ಲಾಭ! ಮೂರನೆಯ ಮನೆ ಕೃಷ್ಣರಾಜಪೇಟೆಯ ಕಡೆಯದು. ೨೦೨೨-೨೩ ರಲ್ಲಿ ಮನೆ ತುಂಬ ಜನರಿದ್ದು ಅರ್ಹ ಯೂನಿಟ್ ೧೩೦ ಎಂದು ಗೊತ್ತಾಯಿತು. ಆಮೇಲೆ ಮಕ್ಕಳು ಬೆಂಗಳೂರು ಸೇರಿ ಈಗಿನ ಬಳಕೆ ೮೦ ಕ್ಕೆ ಇಳಿದಿದೆ. ತಿಂಗಳು ತಿಂಗಳಿಗೂ ೫೦ ಯೂನಿಟ್ ಸುಮ್ಮನೆ ಬಿದ್ದುಹೋಗುತ್ತಿದೆ. ಈ ೫೦ ಯೂನಿಟನ್ನು ಒಲೆಗೆ ತಂದರೆ ೩೩೩ ರೂಪಾಯಿಗಳ ಗ್ಯಾಸು ಉಳಿಯುತ್ತದೆ, ಬಿಲ್ಲು ಸೊನ್ನೆಯಾಗಿಯೇ ಇರುತ್ತದೆ. ಎರಡೂವರೆ ಸಾವಿರ ರೂಪಾಯಿಯ ಒಲೆಯ ಹಣವು ಎಂಟು ತಿಂಗಳಿನಲ್ಲಿ ಹಿಂದಕ್ಕೆ ಬರುತ್ತದೆ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಒಲೆಯನ್ನು ಕೊಳ್ಳುವ ಮೊದಲು ಹುಡುಕತಕ್ಕದ್ದು ದರವನ್ನಲ್ಲ, ಬಿಲ್ಲಿನಲ್ಲಿ ಮುದ್ರಿಸಿರುವ ಅರ್ಹ ಯೂನಿಟನ್ನೂ ಕಳೆದ ಹನ್ನೆರಡು ತಿಂಗಳ ಬಳಕೆಯನ್ನೂ. ಇವೆರಡಕ್ಕೂ ನಡುವೆ ತೆರಪಿದ್ದರೆ ಆ ತೆರಪಿನಷ್ಟು ಅಡಿಗೆಯನ್ನು ವಿದ್ಯುತ್ತಿಗೆ ಕೊಡುವುದು ಜಾಣತನ. ತೆರಪಿಲ್ಲದಿದ್ದರೆ ಗ್ಯಾಸೇ ಇರಲಿ. ಯಾವ ಮನೆಯವರೇ ಆಗಲಿ ಗ್ಯಾಸಿನ ಸಂಪರ್ಕವನ್ನು ಹಿಂದಕ್ಕೆ ಕೊಡಬಾರದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿವಸ ಅಡಿಗೆ ನಿಲ್ಲುವುದು ಹಳ್ಳಿಯಲ್ಲಿ ಅಪೂರ್ವವೇನೂ ಅಲ್ಲ.

ಹನ್ನೆರಡು ತಿಂಗಳನ್ನೂ ನೋಡಬೇಕೆಂದದ್ದಕ್ಕೆ ಕಾರಣವುಂಟು. ಹಬ್ಬ, ಮದುವೆ, ನೆಂಟರು ಬಂದ ತಿಂಗಳುಗಳಲ್ಲಿ ಬಳಕೆಯು ಏರುತ್ತದೆ. ೧೮೫ ರಲ್ಲಿ ನಡೆಯುತ್ತಿದ್ದ ಮನೆಯು ಯುಗಾದಿಯ ತಿಂಗಳಿನಲ್ಲಿ ೨೦೫ ಕ್ಕೆ ಹೋದರೆ, ಆ ಇಪ್ಪತ್ತು ಯೂನಿಟಿಗೆ ತೆರುವ ಬೆಲೆಯಿಂದ ಎರಡು ಸಿಲಿಂಡರು ತರಬಹುದಿತ್ತು ಎಂಬಂತಾಗುವುದುಂಟು. ಮೀಟರು ಓದಿ ಹೋದ ಇಪ್ಪತ್ತನೆಯ ದಿವಸ ಯಜಮಾನರು ತಾವೇ ಮೀಟರನ್ನು ನೋಡಿ, ಬಳಕೆಯು ೧೩೦ ನ್ನು ಮೀರಿದ್ದರೆ ಉಳಿದ ಹತ್ತು ದಿನ ಗ್ಯಾಸಿನಲ್ಲಿ ಬೇಯಿಸುವಂತೆ ಮನೆಯಲ್ಲಿ ಹೇಳಿದರೆ ಸಾಕು.

೨೦೦ ನ್ನು ದಾಟಿಸುವ ನಿಜವಾದ ಅಪರಾಧಿ ಅನೇಕ ಮನೆಗಳಲ್ಲಿ ಒಲೆಯಲ್ಲ, ಸ್ನಾನದ ನೀರನ್ನು ಕಾಯಿಸುವ ಗೀಸರು. ಇಪ್ಪತ್ತು ಲೀಟರು ನೀರನ್ನು ಇಪ್ಪತ್ತು ಡಿಗ್ರಿ ಕಾಯಿಸುವುದಕ್ಕೆ ಹೆಚ್ಚು ಕಡಿಮೆ ಅರ್ಧ ಯೂನಿಟ್ ಬೇಕು. ಐದು ಜನರ ಮನೆಗೆ ತಿಂಗಳಿಗೆ ಎಪ್ಪತ್ತು ಯೂನಿಟ್ ಇದಕ್ಕೇ ಆಗುತ್ತದೆ. ನಾಗಮಂಗಲ, ಕೃಷ್ಣರಾಜಪೇಟೆಗಳಲ್ಲಿ ತೆಂಗಿನ ಮರವೊಂದರಿಂದ ವರ್ಷಕ್ಕೆ ಹತ್ತು ಹನ್ನೆರಡು ಗರಿ ತಾನಾಗಿ ಬೀಳುತ್ತದೆ. ಮಟ್ಟೆ, ಹೊಂಬಾಳೆ ಬೇರೆ. ಬಚ್ಚಲ ಹಂಡೆಯ ಒಲೆಯನ್ನು ಕೆಡವಿ ಗೀಸರು ಹಾಕಿಸಿದ ತೋಟದವರ ಬುದ್ಧಿಯನ್ನು ನಾನು ಮೆಚ್ಚಲಾರೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಯ ಬಯಲಿನವರು ಕಬ್ಬಿನ ತರಗನ್ನು ಒಲೆಗೆ ತರಬಾರದು. ಅದು ಕೂಳೆಯ ಸಾಲಿನಲ್ಲಿ ಹೊದಿಕೆಯಾಗಿ ಬಿದ್ದು ಮಣ್ಣಾಗತಕ್ಕದ್ದು.

ಇಂಡಕ್ಷನ್ ಒಲೆಯ ಮೇಲೆ ಕಬ್ಬಿಣ ಹಿಡಿದಿರುವ ಚಪ್ಪಟೆ ತಳದ ಪಾತ್ರೆಗಳು ಮಾತ್ರ ಕಾಯುತ್ತವೆ. ಅಲ್ಯೂಮಿನಿಯಂ, ತಾಮ್ರ, ಮಣ್ಣಿನ ಮಡಕೆ ಇವು ನಡೆಯವು. ಅಯಸ್ಕಾಂತದ ತುಂಡು ತಳಕ್ಕೆ ಅಂಟಿದರೆ ಪಾತ್ರೆಯು ಯೋಗ್ಯವೆಂದು ತಿಳಿಯಬಹುದು. ಅನ್ನ, ಸಾರು, ಹಾಲು, ಕಾಫಿಗೆ ಇದು ಚೆನ್ನಾಗಿ ಒದಗುತ್ತದೆ. ಮುದ್ದೆಯ ಹಿಟ್ಟನ್ನು ತೊಳಸುವಾಗ ಮಾತ್ರ ಕೋಲಿನ ಒತ್ತಡಕ್ಕೆ ಪಾತ್ರೆ ಜಾರುವುದಲ್ಲದೆ ಗಾಜಿನ ಹಲಗೆಯೂ ಬಿರಿಯಬಹುದು. ಹಿಟ್ಟನ್ನು ಕೆಳಗಿಳಿಸಿಯೇ ತೊಳಸತಕ್ಕದ್ದು. ಒಲೆಯ ತಂತಿಯನ್ನು ದೀಪದ ಪ್ಲಗ್ಗಿಗೆ ಸಿಕ್ಕಿಸಬಾರದು. ೧೬ ಆಂಪಿಯರಿನ ಪ್ಲಗ್ಗೂ ನೆಲತಂತಿಯೂ ಇರಬೇಕು. ಒಂದು ಕಿಲೋವಾಟಿನ ಮಂಜೂರಾತಿಯುಳ್ಳವರು ಒಲೆಗಾಗಿ ಮಂಜೂರಾತಿಯನ್ನು ಹೆಚ್ಚಿಸಿಕೊಂಡರೆ ನಿಗದಿ ಶುಲ್ಕವೂ ಹೆಚ್ಚುವುದೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ತೋಟದ ಮನೆಯುಳ್ಳ ಹಿಡುವಳಿದಾರರಿಗೆ ಒಂದು ಎಚ್ಚರಿಕೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರದವರು ಉಚಿತವಾಗಿ ಕೊಡುವ ವಿದ್ಯುತ್ತು ನೀರೆತ್ತುವುದಕ್ಕೆ ಮಾತ್ರ. ಆ ಸಂಪರ್ಕದಿಂದ ಒಂದು ತಂತಿಯನ್ನು ಎಳೆದು ಒಲೆಯನ್ನು ನಡೆಸುವುದು ೨೦೦೩ ರ ಶಾಸನದ ೧೨೬ನೆಯ ಕಲಮಿನಂತೆ ಅನಧಿಕೃತ ಬಳಕೆಯಾಗುತ್ತದೆ. ಪತ್ತೆಯಾದರೆ ಎರಡರಷ್ಟು ದರದಲ್ಲಿ ವಸೂಲಿ ಮಾಡುವ ಅಧಿಕಾರವುಂಟು. ಊರ ಮುಖಂಡರೆನಿಸಿಕೊಂಡವರ ತೋಟದಲ್ಲಿಯೇ ಇಂಥದು ಕಂಡುಬಂದರೆ ಉಳಿದವರಿಗೆ ಹೇಳುವ ಬಾಯಿರುವುದಿಲ್ಲ.

ದನಕರುಗಳುಳ್ಳವರು ಗ್ಯಾಸು, ವಿದ್ಯುತ್ತು ಎರಡರ ಹಂಗನ್ನೂ ಬಹುಮಟ್ಟಿಗೆ ಬಿಡಬಹುದಾದ ದಾರಿಯೊಂದುಂಟು. ದಿನಕ್ಕೆ ಐವತ್ತು ಕಿಲೋ ಹಸಿ ಸಗಣಿ, ಎಂದರೆ ನಾಲ್ಕೈದು ರಾಸುಗಳ ಸಗಣಿ, ಎರಡು ಘನಮೀಟರಿನ ಗೋಬರ್ ಗ್ಯಾಸಿನ ತೊಟ್ಟಿಗೆ ಸಾಕು. ಒಂದು ಘನಮೀಟರು ಗೋಬರ್ ಗ್ಯಾಸು ಅರ್ಧ ಕಿಲೋವಿಗೆ ಸ್ವಲ್ಪ ಕಡಿಮೆ ಸಿಲಿಂಡರಿನ ಗ್ಯಾಸಿಗೆ ಸಮ. ಈ ಲೆಕ್ಕದಲ್ಲಿ ತೊಟ್ಟಿಯು ಹದಿನೇಳು ದಿನಗಳಿಗೆ ಒಂದು ಸಿಲಿಂಡರಿನಷ್ಟು ಕೊಡುತ್ತದೆ. ಚಳಿಯ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಬೆರಣಿ ತಟ್ಟಿ ಸುಟ್ಟರೆ ಸಗಣಿಯ ಸಾರಜನಕವೆಲ್ಲ ಹೊಗೆಯಲ್ಲಿ ಹೋಗುತ್ತದೆ. ತೊಟ್ಟಿಯಿಂದ ಹೊರಬರುವ ಬಗ್ಗಡದಲ್ಲಿ ಅದು ಉಳಿದು ಬಾಳೆಗೂ ಹಿಪ್ಪುನೇರಳೆಗೂ ಒಳ್ಳೆಯ ಗೊಬ್ಬರವಾಗುತ್ತದೆ. ಕಟ್ಟಿಸಿ ಪಾಳುಬಿಟ್ಟ ತೊಟ್ಟಿಗಳನ್ನೂ ಅನೇಕ ಹಿತ್ತಿಲುಗಳಲ್ಲಿ ಕಾಣುತ್ತೇವೆ. ದಿನವೂ ಸಗಣಿಯನ್ನು ಕದಡಿ ಹಾಕುವ ಕೈ ಮನೆಯಲ್ಲಿಲ್ಲದಿದ್ದರೆ ಈ ಖರ್ಚಿಗೆ ಹೋಗದಿರುವುದೇ ಮೇಲು.

ಕೊಳಾಯಿಯ ಗ್ಯಾಸು ಬಂದ ಊರುಗಳಲ್ಲಿ ಬಿಲ್ಲು ಘನಮೀಟರಿನ ಲೆಕ್ಕದಲ್ಲಿರುತ್ತದೆ. ಸುಮಾರು ಹದಿನೆಂಟೂವರೆ ಘನಮೀಟರು ಒಂದು ಸಿಲಿಂಡರಿಗೆ ಸಮವೆಂದು ಹಿಡಿದು ಹೋಲಿಸಬೇಕು.

ಮೀಟರು ಅಥವಾ ಬಿಲ್ಲಿನ ದೂರುಗಳಿಗೆ ೧೯೧೨, ಗ್ಯಾಸು ಸೋರಿದಾಗ ೧೯೦೬ ಸಂಖ್ಯೆಗಳಿಗೆ ದೂರವಾಣಿ ಮಾಡಬಹುದು. ಕಂಪನಿಯನ್ನು ಬದಲಾಯಿಸುವ ಹಕ್ಕು ನಮಗಿಲ್ಲದಿದ್ದರೂ ದರವನ್ನು ಪ್ರಶ್ನಿಸುವ ಹಕ್ಕುಂಟು. ನಿಗಮವು ದರ ಹೆಚ್ಚಿಸಬೇಕೆಂದು ಅರ್ಜಿ ಸಲ್ಲಿಸಿದಾಗ ಆಯೋಗವು ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವಂತೆ ಮಾಡಿ, ಆಕ್ಷೇಪಣೆಗಳನ್ನು ಬರೆವಣಿಗೆಯಲ್ಲಿ ತೆಗೆದುಕೊಂಡು, ಸಾರ್ವಜನಿಕ ವಿಚಾರಣೆಯನ್ನು ನಡೆಸುತ್ತದೆ. ಯಾವ ಬಳಕೆದಾರನೇ ಆಗಲಿ ಅಲ್ಲಿಗೆ ಹೋಗಿ ಮಾತನಾಡಬಹುದು, ವಕೀಲರ ಅಗತ್ಯವಿಲ್ಲ. ಕಾರ್ಖಾನೆಗಳವರು ತಪ್ಪದೆ ಆಕ್ಷೇಪಣೆಗಳನ್ನು ಕೊಡುತ್ತಾರೆ. ನಮ್ಮ ಗ್ರಾಮಗಳ ಮುಖಂಡರು ಆರು ತಿಂಗಳ ಬಿಲ್ಲುಗಳ ನಕಲು, ಓಲ್ಟೇಜು ಇಳಿದ ದಿನಗಳ ಪಟ್ಟಿ, ವಿದ್ಯುತ್ತು ನಿಂತ ಗಂಟೆಗಳ ಲೆಕ್ಕ ಇಷ್ಟನ್ನು ಗ್ರಾಮಪಂಚಾಯತಿಯ ಮೂಲಕ ಈಗಿನಿಂದಲೇ ಬರೆಯಿಸಿಟ್ಟುಕೊಂಡರೆ ಮುಂದಿನ ವಿಚಾರಣೆಗೆ ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.